ಉಚ್ಚಂಗೆವ್ವ ನೋಡಿ ಬಂದ ಆಡುಗಳು

ಹಲಗೇರಿಯ ಉಚ್ಚಂಗೆವ್ವನ ಜೊತೆ ವಾದಕ್ಕಿಳಿದು ಗೆದ್ದವರನ್ನು ನಾನು ಇನ್ನೂ ನೋಡಿಲ್ಲ. ರಾಣೆಬೆನ್ನೂರಿನ ದನದ ದವಾಖಾನೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದಷ್ಟು ಕಾಲವೂ ನಾನು ಆಕೆಯೆದುರು ಸೋತೇ ಮನೆಗೆ ಹೋದವನು. ಆಡಿಗೆ ಸೂಜಿ ಹಾಕಿಸಲು ಬಂದರೆ ಎಲ್ಲಿ ಚುಚ್ಚಬೇಕೆಂದು ನನಗೇ ಹೇಳುತ್ತಿದ್ದಳು. ಆಡು ಗುಣವಾದರೆ ಅದು ಮೈಲಾರಲಿಂಗನ ಕೃಪೆ, ಗುಣವಾಗದಿದ್ದರೆ ಅದು ನನ್ನ ಕೈಗುಣ. ನಾನು ಡಾಕ್ಟರ್ ಅಲ್ಲ, ಮಲ್ಲಿಕಾರ್ಜುನ ಅಂತ ಕರೆದರೆ ಸಾಕು ಎಂದು ಒಮ್ಮೆ ಹೇಳಿ ನೋಡಿದೆ. "ಸೂಜಿ ಹಾಕ್ತೀರಿಲ್ರಿ? ಮತ್ತ ಡಾಕ್ಟರ್ ಆದ್ರಿ ಬಿಡ್ರಿ" ಎಂದಳು. ಸರ್ಕಾರ ಕೊಡದ ಬಡ್ತಿಯನ್ನು ಆಕೆ ಕೊಟ್ಟಳು, ನಾನೂ ಸುಮ್ಮನೆ ಇಟ್ಟುಕೊಂಡೆ.

ಆಕೆಯ ಹಿಂಡಿಗೆ ಮೂಲ ಒಂದೇ ಒಂದು ಹೆಣ್ಣಾಡು. ಮದುವೆಯಾದಾಗ ತವರಿನವರು ಬಳುವಳಿಯಾಗಿ ಕೊಟ್ಟಿದ್ದು. ಇಂದು ಆಕೆಯ ಹಟ್ಟಿಯಲ್ಲಿರುವ ಪ್ರತಿ ಮರಿಯೂ ಆ ಆಡಿನ ಮೊಮ್ಮಗಳ ಮಗಳೋ ಮತ್ತೊಂದೋ. ಸಂಜೆ ಹಿಂಡು ಊರ ಹತ್ತಿರ ಬಂದಾಗ ಆಕೆ ಅಂಗೈಯಲ್ಲಿ ಹರಳುಪ್ಪು ಹಿಡಿದು "ಬಾ ಬಾ ಬಾ, ಹ್ಯೋ" ಎಂದು ಒಂದು ಥರ ರಾಗ ಎಳೆಯುತ್ತಾಳೆ. ಬೇಲಿ ಮೇಲೆ ಕಾಲಿಟ್ಟು ನಿಂತ ಆಡೂ ಬಾಯಲ್ಲಿದ್ದ ಸೊಪ್ಪು ಬಿಟ್ಟು ಓಡಿ ಬರುತ್ತದೆ. ಹಿಂಡೆಲ್ಲ ಆಕೆಯ ಕೈ ನೆಕ್ಕಲು ನುಗ್ಗುವಾಗ ಆಕೆಯ ಮುಖ ನೋಡಬೇಕು, ಮಗನ ಮದುವೆಯಲ್ಲೂ ಅಷ್ಟು ಅರಳಿರಲಿಲ್ಲ. "ನಾ ಒಂದಿನ ಇಲ್ಲಂದ್ರ ಇವು ಸತ್ತ ಹೋಗ್ತಾವ್ರಿ" ಎನ್ನುವುದು ಆಕೆಯ ನಿತ್ಯದ ಮಾತು. ಇದನ್ನು ಹೇಳುವಾಗ ಆಕೆಗೆ ದುಃಖವಿರುತ್ತಿರಲಿಲ್ಲ, ಜಂಬವಿರುತ್ತಿತ್ತು.

ಈ ಆಡುಗಳೇ ಮಗ ಮೈಲೇಶನಿಗೆ ತಲೆನೋವು. ಅವನು ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ ಹೇರುವ ಟೆಂಪೋ ಓಡಿಸುತ್ತಾನೆ. ಒಳ್ಳೆಯ ಹುಡುಗ, ತಾಯಿಯ ಹಟದಲ್ಲಿ ಅರ್ಧಪಾಲು ಅವನಿಗೂ ಬಂದಿದೆ. ಊರ ಗೋಮಾಳ ಕರಗುತ್ತಾ ಬಂದು ಈಗ ರಸ್ತೆ ಬದಿಯ ಜಾಲಿಯೇ ಹುಲ್ಲುಗಾವಲು. ಉಳಿದ ಹೊಲಗಳಲ್ಲೆಲ್ಲ ಕಂಪನಿಯ ಬೀಜದ ಪ್ಲಾಟು. ಪರದೆ ಕಟ್ಟಿ, ಒಂದೊಂದು ಹೂವನ್ನೂ ಕೈಯಿಂದ ಪರಾಗ ಮುಟ್ಟಿಸಿ, ದಾರ ಕಟ್ಟಿ ಗುರುತು ಮಾಡಿರುತ್ತಾರೆ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರಲ್ಲ, ಹೋದ ದೀಪಾವಳಿಯ ಮುಂದೆ ಉಚ್ಚಂಗೆವ್ವನ ಆಡೊಂದು ಪಕ್ಕದ ಹೊಲದ ಕನಕಪ್ಪನ ಪರದೆಯೊಳಗೆ ನುಗ್ಗಿ ಹೂವನ್ನೂ ತಿಂದಿತು, ದಾರವನ್ನೂ ತಿಂದಿತು. ಕನಕಪ್ಪ ಮನೆ ಬಾಗಿಲಿಗೆ ಬಂದು ಇಡೀ ಓಣಿಗೆ ಕೇಳುವಂತೆ ಬೈದು ಹೋದ.

ನಾನು ಅವತ್ತು ಚಹಾ ಕುಡಿಯಲೆಂದು ಅವರ ಮನೆಯಲ್ಲೇ ಕುಳಿತಿದ್ದೆ. ಕೆಲಸವಿಲ್ಲದ ನಿವೃತ್ತರು ಇಂಥ ಹೊತ್ತಿಗೇ ಇಂಥ ಕಡೆ ಇರುತ್ತಾರೆ.

"ಮಾರಿ ಬಿಡೋಣಬೇ ಯವ್ವಾ" ಎಂದ ಮೈಲೇಶ. "ಹುಲ್ಲ ಇಲ್ಲ, ಕೆರಿಯಾಗ ನೀರಿಲ್ಲ. ಏನ ತಿಂದ ಬದುಕಬೇಕು ಅವು?"

"ನಾ ಇದ್ದೇನಲ್ಲ" ಎಂದಳು ಉಚ್ಚಂಗೆವ್ವ.

"ನೀ ಹುಲ್ಲ ಏನ? ನಿನ್ನ ತಿಂತಾವೇನ ಅವು?"

ತಾಯಿ ಮಗನ ನಡುವೆ ಬಾಯಿ ಹಾಕಬಾರದು. ನಾನು ಹಾಕಿದೆ. ನಮ್ಮದೊಂದು ಗುಂಪಿದೆ. ಭಾನುವಾರ ಬೆಳಿಗ್ಗೆ ಅಭಯಾರಣ್ಯಕ್ಕೆ ಹೋಗಿ ಕೃಷ್ಣಮೃಗ, ಹಕ್ಕಿ ನೋಡಿ, ಬರುವಾಗ ಮಿರ್ಚಿ ತಿಂದು ಮನೆಗೆ ಮರಳುವ ಗುಂಪು. ಆ ಚಳಿಗಾಲಕ್ಕೆ ಅಂಡಮಾನಿಗೆ ಹೋಗಿ, ಸಣ್ಣ ದೋಣಿಯಲ್ಲಿ ಬ್ಯಾರನ್ ಎಂಬ ದ್ವೀಪವನ್ನು ಸುತ್ತಿ ಬರುವುದೆಂದು ನಿಶ್ಚಯವಾಗಿತ್ತು. ಅದು ಸಮುದ್ರದ ನಡುವೆ ಇಂದಿಗೂ ಹೊಗೆಯಾಡುವ ಬೆಂಕಿಬೆಟ್ಟ. ಜನರಿಲ್ಲ, ಇಳಿಯಲು ಬಿಡುವುದಿಲ್ಲ. ಅಲ್ಲಿ ಹಿಂದೆ ಯಾವುದೋ ಹಡಗಿನವರು ಬಿಟ್ಟು ಹೋದ ಆಡುಗಳ ಸಂತತಿ ಇನ್ನೂ ಇದೆಯಂತೆ, ಸಮುದ್ರದ ನೀರನ್ನೇ ಕುಡಿಯುತ್ತವಂತೆ ಎಂದು ನಾನು ಓದಿದ್ದೆ. ಅದನ್ನೇ ಹೇಳಿದೆ.

"ಡಾಕ್ಟರ್ ಸಾಹೇಬ್ರ, ಪುರಾಣ ಹೇಳಬ್ಯಾಡ್ರಿ" ಎಂದ ಮೈಲೇಶ. "ಬೂದ್ಯಾಗ ಆಡ ಬದಕತಾವು, ಉಪ್ಪನೀರ ಕುಡದ. ಇವಳಿಗೆ ಮೊದಲ ಹುಚ್ಚು, ನೀವ್ಯಾಕ ಅದಕ್ಕ ಎಣ್ಣಿ ಹಾಕ್ತೀರಿ?"

ಉಚ್ಚಂಗೆವ್ವ ಮಾತ್ರ ನನ್ನನ್ನೇ ದಿಟ್ಟಿಸುತ್ತಿದ್ದಳು. "ಖರೇ ಏನ್ರಿ?"

"ಹಂಗ ಓದೇನಿ."

"ಓದಿದ್ದ ಬ್ಯಾಡ. ಆ ದೋಣ್ಯಾಗ ನನಗೊಂದ ಜಾಗಾ ಐತೇನ ಹೇಳ್ರಿ."

ಮೈಲೇಶ ನಕ್ಕುಬಿಟ್ಟ. ಹಾವೇರಿಗೆ ಬಸ್ಸಿನಲ್ಲಿ ಹೋದರೇ ತಲೆ ತಿರುಗುವ ತಾಯಿ ಸಮುದ್ರಕ್ಕೆ ಹೋಗುವುದೆಂದರೆ ಯಾರಿಗಾದರೂ ನಗು ಬರುತ್ತದೆ. ನಗುವಿನ ಭರದಲ್ಲೇ ಹೇಳಿದ: "ಹೋಗಿ ಬಾ. ನಿನ್ನ ಕಣ್ಣಲೆ ಆ ಆಡ ನೋಡಿ ಬಂದಿ ಅಂದ್ರ, ಇನ್ನ ಮ್ಯಾಲ ನಾ ಮಾರೂ ಮಾತ ಎತ್ತೂದಿಲ್ಲ. ನೋಡದ ಬಂದಿ ಅಂದ್ರ ಹಿಂಡೆಲ್ಲಾ ಸಂತಿಗೆ."

ಉಚ್ಚಂಗೆವ್ವ ಎದ್ದು ದೇವರ ಜಗಲಿಯಿಂದ ಅರಿಶಿನದ ಭಂಡಾರದ ಬಟ್ಟಲು ತಂದಳು. ಮೈಲಾರಲಿಂಗನ ಭಂಡಾರ ಮುಟ್ಟಿ ಆಡಿದ ಮಾತಿಗೆ ಅವನ ಒಕ್ಕಲಿನ ಮನೆಗಳಲ್ಲಿ ಎರಡಿಲ್ಲ. ಬಟ್ಟಲು ನೋಡಿದ್ದೇ ಮೈಲೇಶನ ನಗು ನಿಂತಿತು. ಆದರೆ ಮಾತು ಬಾಯಿಂದ ಹೊರಬಿದ್ದಿತ್ತು. ಅವನೂ ಮುಟ್ಟಿದ, ಆಕೆಯೂ ಮುಟ್ಟಿದಳು. ಹಳದಿ ಬೆರಳನ್ನು ಹಣೆಗೆ ಒರೆಸಿಕೊಂಡು ಆಕೆ ನನ್ನ ಕಡೆ ತಿರುಗಿ, "ಯಾವಾಗ ಹೊಂಡೂದ್ರಿ?" ಎಂದಳು.

ಪ್ರಯಾಣದ ಖರ್ಚಿಗೆ ಎರಡು ಹೋತ ಮಾರಿದಳು. ಆಡು ಉಳಿಸಿಕೊಳ್ಳಲು ಆಡು ಮಾರುತ್ತಾಳೆಂದು ಓಣಿಯವರು ಮೂಗು ಮುರಿದರು. ಹಿಂಡನ್ನು ಸೊಸೆ ಶೀಲಾಳಿಗೆ ಒಪ್ಪಿಸಿ, ಯಾವ ಆಡಿಗೆ ಯಾವ ಕೆಟ್ಟ ಬುದ್ಧಿ ಎಂದು ಒಂದೊಂದಾಗಿ ಹೇಳಿಕೊಟ್ಟು, ಕಟಕರೊಟ್ಟಿ, ಶೇಂಗಾಚಟ್ನಿಯ ಗಂಟು ಹೊತ್ತು ನಮ್ಮ ಗುಂಪಿಗೆ ಸೇರಿದಳು. ವಿಮಾನದಲ್ಲಿ ಕಣ್ಣು ಮುಚ್ಚಿ ಕುಳಿತವಳು ಪೋರ್ಟ್ ಬ್ಲೇರಿನಲ್ಲೇ ತೆರೆದದ್ದು.

ದೋಣಿ ಹೊರಟದ್ದು ನಸುಕಿನಲ್ಲಿ. ನಾವು ಹತ್ತು ಹನ್ನೆರಡು ಮಂದಿ, ದೋಣಿ ನಡೆಸುವ ಕ್ಯಾಪ್ಟನ್, ಮತ್ತು ಪ್ರಾಣಿಪಕ್ಷಿಗಳನ್ನು ತೋರಿಸಿ ಹೇಳಲು ಸಿಮ್ರಾನ ಎಂಬ ಅಲ್ಲಿಯ ಹುಡುಗಿ. ಆಕೆ ಹಿಂದಿಯಲ್ಲಿ ಹೇಳಿದ್ದನ್ನು ಉಚ್ಚಂಗೆವ್ವನಿಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಸಂತೆಯಲ್ಲಿ ಕಲಿತ ಹಿಂದಿ ಆಕೆಗೂ ಅಷ್ಟಿಷ್ಟು ಬರುತ್ತಿತ್ತು, ಆದರೆ ಅದರಲ್ಲಿ ಚೌಕಾಶಿ ಮಾಡಬಹುದಿತ್ತೇ ಹೊರತು ಬೇರೇನೂ ಆಗುತ್ತಿರಲಿಲ್ಲ.

ಆಳ ಸಮುದ್ರಕ್ಕೆ ಹೋಗುತ್ತಲೇ ಎಲ್ಲರಿಗೂ ವಾಂತಿ. ಎಲ್ಲರಿಗಿಂತ ಹೆಚ್ಚು ಉಚ್ಚಂಗೆವ್ವನಿಗೆ. ಒಳಗೆ ಮಲಗೆಂದು ಸಿಮ್ರಾನ ಎಷ್ಟು ಹೇಳಿದರೂ ಕೇಳದೆ ಮುಂದಿನ ಕಂಬಿ ಹಿಡಿದು ನಿಂತಿದ್ದಳು. ಹಾರುವ ಮೀನುಗಳು ನೀರಿನಿಂದೆದ್ದು ಮಿಂಚಿ ಮತ್ತೆ ನೀರಿಗೆ ಬಿದ್ದವು. ಒಂದು ದೊಡ್ಡ ಡಾಲ್ಫಿನ್ ಹಿಂಡು ದೋಣಿಯ ಮೂತಿಯ ಹತ್ತಿರವೇ ಈಜಿಕೊಂಡು ಬಂತು. ಹಾವೇರಿಯ ಯುವ ವಕೀಲ ತೇಜಸ ಮೊಣಕೈಯುದ್ದದ ಕ್ಯಾಮೆರಾ ಎತ್ತಿಕೊಂಡು ಆಚೀಚೆ ಓಡಾಡಿದ. ಉಚ್ಚಂಗೆವ್ವ ಬಾಯಿ ಒರೆಸಿಕೊಂಡು ಡಾಲ್ಫಿನ್‌ಗಳನ್ನು ಬಹಳ ಹೊತ್ತು ನೋಡಿದಳು.

"ಮರಿ ನಡಕ ಇಟಗೊಂಡ ಹೊಂಟಾವ ನೋಡ್ರಿ" ಎಂದಳು. "ಇವಕ್ಕೂ ತಿಳೀತೈತಿ."

ಕೊನೆಗೂ ದ್ವೀಪ ಕಂಡಿತು. ಕಪ್ಪು ಬೆಟ್ಟ, ಬುಡದಿಂದ ತಲೆಯವರೆಗೂ ಬೂದಿ. ತುದಿಯಿಂದ ಹೊಗೆ ನಿಧಾನವಾಗಿ ಒಂದು ಪಕ್ಕಕ್ಕೆ ಬಾಗಿತ್ತು, ಗಾಳಿ ತಿರುಗಿದಾಗ ಗಂಧಕದ ವಾಸನೆ ಬರುತ್ತಿತ್ತು. ಹಿಂಬದಿಯ ಹಳೆಯ ಗೋಡೆಯಂಥ ಇಳಿಜಾರಿನಲ್ಲಿ ಮಾತ್ರ ಒಂದಿಷ್ಟು ಹಸಿರು. ನಮ್ಮ ಹೊಲದ ಎರೆಮಣ್ಣೂ ಇಷ್ಟು ಕಪ್ಪಲ್ಲ ಎಂದು ಯಾರೋ ಅಂದರು. ನನಗಂತೂ ಅಲ್ಲಿ ಯಾವ ಜೀವವಾದರೂ ಇದ್ದೀತೆಂಬ ನಂಬಿಕೆ ಬರಲಿಲ್ಲ. ಓದಿದ್ದನ್ನು ಬಾಯಿಬಿಟ್ಟ ನನ್ನ ಬಗ್ಗೆಯೇ ಸಿಟ್ಟು ಬಂತು.

ಆಗ ಉಚ್ಚಂಗೆವ್ವ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಹರಳುಪ್ಪು.

"ಇದೇನಬೇ?" ಎಂದೆ.

"ಆಡಿಗ್ರಿ."

"ಉಚ್ಚಂಗೆವ್ವಾ, ಅವು ಸಮುದ್ರದ ನೀರ ಕುಡಿಯೂ ಆಡು. ಸಮುದ್ರಕ್ಕ ಉಪ್ಪ ತಂದೀಯಲ್ಲ."

"ಬೀಗರ ಮನಿಗೆ ಬರಿಗೈಲೆ ಹೋಗ್ತಾರೇನ್ರಿ?" ಎಂದಳು. ಇಳಿಯಲು ಬಿಡುವುದಿಲ್ಲ, ಏನನ್ನೂ ಎಸೆಯುವಂತಿಲ್ಲ ಎಂದು ನೆನಪಿಸಿದೆ. "ಎಸ್ಯಾಂಗಿಲ್ಲ. ತೋರಸ್ತೇನಿ ಅಷ್ಟ" ಎಂದು ಮತ್ತೆ ಗಂಟು ಹಾಕಿದಳು.

ದೋಣಿ ದ್ವೀಪಕ್ಕೆ ಸುತ್ತು ಹಾಕತೊಡಗಿತು. ಬೂದಿಯ ದಡದಲ್ಲಿ ಬೂದುಬಣ್ಣದ ಕೊಕ್ಕರೆ ಒಂಟಿಯಾಗಿ ನಿಂತಿತ್ತು. ಹಸಿರಿನ ಕಡೆಯಿಂದ ಬಿಳಿ ಪಾರಿವಾಳಗಳ ಗುಂಪೊಂದು ಹಾರಿ ಬಂತು. ಬಿಳಿಹೊಟ್ಟೆಯ ಕಡಲಹದ್ದು ಮೀನು ಹಿಡಿದು ಬಂಡೆಯ ಮೇಲೆ ಕುಳಿತು ತಿನ್ನತೊಡಗಿದಾಗ ತೇಜಸನೂ ಉಳಿದವರೂ ದೋಣಿ ನಿಲ್ಲಿಸಲು ಹೇಳಿದರು. ಹದ್ದು ಊಟ ಮುಗಿಸುವ ಲಕ್ಷಣವೇ ಇರಲಿಲ್ಲ.

"ಹದ್ದ ನಮ್ಮೂರಾಗೂ ಅದಾವು, ಲಗೂ ನಡೀರಿ" ಎಂದಳು ಉಚ್ಚಂಗೆವ್ವ.

"ಆಡೂ ನಮ್ಮೂರಾಗ ಅದಾವಲ್ಲಬೇ ಯಮ್ಮಾ" ಎಂದ ತೇಜಸ, ಕ್ಯಾಮೆರಾದಿಂದ ಕಣ್ಣು ತೆಗೆಯದೆ. ಎಲ್ಲರೂ ನಕ್ಕರು. ಆಕೆ ಹದ್ದಿಗೆ ಬೆನ್ನು ಹಾಕಿ ಮತ್ತೆ ದಡ ನೋಡತೊಡಗಿದಳು.

ಒಂದು ಸುತ್ತು ಮುಗಿಯಿತು. ಆಡು ಇರಲಿಲ್ಲ. ಉಚ್ಚಂಗೆವ್ವ ಹಸಿರಿನ ಒಂದೊಂದು ಪೊದೆಯನ್ನೂ ಜಾಲಾಡಿಬಿಟ್ಟಿದ್ದಳು. ಅಲ್ಲಾಡಿದ್ದೆಲ್ಲ ಗಾಳಿ. ಗಾಳಿ ಏಳುತ್ತಿದೆ, ವಾಪಸು ಹೋಗೋಣ ಎಂದ ಕ್ಯಾಪ್ಟನ್. ದಾರಿಯಲ್ಲಿ ಹವಳದ ದಿಬ್ಬದ ಹತ್ತಿರ ಈಜಲು ಒಂದು ಗಂಟೆ ಇಟ್ಟಿದ್ದರು, ಅದು ತಪ್ಪಬಾರದಲ್ಲ. ನಾನು ಮೆಲ್ಲಗೆ ಆಕೆಯ ಪಕ್ಕಕ್ಕೆ ಹೋಗಿ, ಇವು ಇರುವುದಂತೂ ನಿಜ, ಹಳೆಯ ಫೋಟೋ ತೋರಿಸಿ ಮೈಲೇಶನಿಗೆ ನಾನು ಹೇಳುತ್ತೇನೆ ಎಂದೆ.

"ನಾ ಭಂಡಾರ ಮುಟ್ಟೇನ್ರಿ" ಎಂದಳು. "ಫೋಟೋ ಮುಟ್ಟಿಲ್ಲ."

ಎದ್ದು, ತೂಗಾಡುತ್ತಾ ಹೋಗಿ ಎಲ್ಲರ ನಡುವೆ ನಿಂತಳು. ಆಕೆಯ ಸೀರೆ ಒದ್ದೆಯಾಗಿತ್ತು, ಮುಖದಲ್ಲಿ ರಕ್ತವಿರಲಿಲ್ಲ. "ನೀವೆಲ್ಲಾ ಏನ ನೋಡಾಕ ಬಂದಿದ್ರಿ, ನೋಡಿದ್ರಿ. ನಾ ನೋಡಿಲ್ಲ. ನಿಮ್ಮ ಈಜಾಡೂ ಹೊತ್ತ ನನಗ ಕೊಡ್ರಿ. ಇನ್ನೊಂದ ಸುತ್ತ ಹಾಕೋಣು. ಇಲ್ಲಂದ್ರ ನನ್ನ ಹಿಂಡು ಸಂತಿಗೆ ಹೋಗತೈತಿ."

ಬೇಡುವ ದನಿಯಲ್ಲ, ಹಟ್ಟಿಯ ಬಾಗಿಲು ತೆಗೆಯಿರಿ ಅನ್ನುವ ದನಿ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಈಜಿಗೆಂದೇ ಹೊಸ ಬಟ್ಟೆ ಕೊಂಡು ತಂದವರಿದ್ದರು. ಕೊನೆಗೆ ತೇಜಸ ಗಂಟಲು ಸರಿಮಾಡಿಕೊಂಡ. "ನನಗೇನ ಈಜ ಬರೂದಿಲ್ರಿ. ನಾ ಮಂದಿ ಮುಂದ ಹೇಳಿರಲಿಲ್ಲ. ನಂದ ತಗೊಳ್ಳಬೇ ಯಮ್ಮಾ." ಒಬ್ಬ ಕೊಟ್ಟ ಮೇಲೆ ಉಳಿದವರೂ ಕೊಟ್ಟರು. ಕ್ಯಾಪ್ಟನ್ ಆಕಾಶ ನೋಡಿ, ಗೊಣಗಿ, ಚಕ್ರ ತಿರುಗಿಸಿದ.

ಎರಡನೆಯ ಸುತ್ತಿನಲ್ಲಿ ದಡಕ್ಕೆ ಇನ್ನಷ್ಟು ಹತ್ತಿರ ಹೋದೆವು. ಉಚ್ಚಂಗೆವ್ವ ಮತ್ತೆ ಹಸಿರಿಗೇ ಕಣ್ಣು ನೆಟ್ಟಿದ್ದಳು. ನಾನೂ ಅಲ್ಲೇ ನೋಡುತ್ತಿದ್ದೆ. ಆಡು ಎಂದರೆ ಸೊಪ್ಪಿನ ಹತ್ತಿರ ಎನ್ನುವುದು ನಮ್ಮಿಬ್ಬರ ತಲೆಯಿಂದ ಹೋಗಲೊಲ್ಲದು. ಸಿಮ್ರಾನ ಮಾತ್ರ ಬೋಳು ಬಂಡೆಯ ಕಡೆ ಕೈ ತೋರಿಸಿದಳು. ಬೂದಿಯ ಇಳಿಜಾರಿನಲ್ಲಿ ಒಂದಿಷ್ಟು ಕಂದು ಚುಕ್ಕೆಗಳು.

ದುರ್ಬೀನು ಕೊಟ್ಟರು. ಉಚ್ಚಂಗೆವ್ವ ತಗೊಳ್ಳಲಿಲ್ಲ. ನನ್ನ ಕಣ್ಣಲೆ ಅಂತ ಮಾತು ಆಗಿದೆ ಎಂದಳು. ಹಾಗಾದರೆ ನನ್ನ ಮೂಗಿನ ಮೇಲಿನ ಚಾಳೀಸೂ ಕಣ್ಣಲ್ಲವೇನು ಎಂದು ನಾನು ರೇಗಿದೆ. ಅದು ನಿಮ್ಮದು, ನಿಮ್ಮ ಪಾಪ ಎಂದಳು. ಅಷ್ಟರಲ್ಲಿ ದೋಣಿ ಒಂದು ಬಂಡೆಯ ಮೂಲೆ ದಾಟಿತು.

ಅವು ಇಳಿದು ಬರುತ್ತಿದ್ದವು. ನಮ್ಮ ಆಡುಗಳಿಗಿಂತ ಗಿಡ್ಡ, ಮೈಗೆ ಕೂದಲು ಹೆಚ್ಚು, ಪಕ್ಕೆಲುಬು ಕಾಣುವಷ್ಟು ಬಡಕಲು. ಮುಂದೊಂದು ಹೆಣ್ಣಾಡು, ಅದರ ಹಿಂದೆ ಎರಡು ಮರಿ, ಆಮೇಲೆ ಉಳಿದವು. ಕಪ್ಪು ಮರಳಿಗೆ ಬಂದು, ಅಲೆ ಹಿಂದೆ ಸರಿಯುವುದನ್ನೇ ಕಾದು, ಒದ್ದೆ ಕಲ್ಲಿನ ಗುಳಿಗೆ ಮೂತಿ ಇಟ್ಟವು. ಕುಡಿದವು. ನಾನು ಮೂವತ್ತು ವರ್ಷ ಆಡಿಗೆ ಔಷಧಿ ಕುಡಿಸಿದವನು, ನನ್ನ ಕಣ್ಣನ್ನು ನಾನೇ ನಂಬಲಿಲ್ಲ.

ಉಚ್ಚಂಗೆವ್ವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. "ಅದಾವು" ಎಂದಳು. "ಡಾಕ್ಟರ್ರ, ಅದಾವ್ರಿ."

ಅಲ್ಲಿಗೆ ಆಕೆ ಗೆದ್ದಿದ್ದಳು. ಅಲ್ಲಿಗೇ ಬಿಟ್ಟಿದ್ದರೆ ಸಾಕಿತ್ತು. ಆದರೆ ಉಪ್ಪಿನ ಗಂಟು ಬಿಚ್ಚಿ, ಅಂಗೈ ಮುಂದಕ್ಕೆ ಚಾಚಿ, ಹಲಗೇರಿಯಲ್ಲಿ ಪ್ರತಿ ಸಂಜೆ ಎಳೆಯುವ ಅದೇ ರಾಗ ಎಳೆದಳು. "ಬಾ ಬಾ ಬಾ, ಹ್ಯೋ."

ಆಡುಗಳು ತಲೆ ಎತ್ತಿದವು. ಒಂದು ಕ್ಷಣ ಕಲ್ಲಿನಂತೆ ನಿಂತವು. ಮರುಕ್ಷಣ ಮುಂದಿನ ಹೆಣ್ಣಾಡು ಸೀನಿದಂತೆ ಒಂದು ಸದ್ದು ಮಾಡಿತು, ಇಡೀ ಹಿಂಡು ದಿಕ್ಕಾಪಾಲಾಗಿ ಇಳಿಜಾರು ಹತ್ತಿ ಓಡಿತು. ಬೂದಿ ಜಾರಿ ಕೆಳಗೆ ಸುರಿಯಿತು. ಒಂದು ಮರಿ ಜಾರಿಬಿದ್ದು, ಎದ್ದು, ತಾಯಿಯ ಹಿಂದೆ ಓಡಿತು. ತೋಳ ಕಂಡ ಹಿಂಡು ಓಡುವುದನ್ನು ನಾನು ನೋಡಿದ್ದೇನೆ, ಥೇಟ್ ಹಾಗೆಯೇ. ತೋಳ ಯಾವುದೆಂದು ಹೇಳಬೇಕಾಗಿರಲಿಲ್ಲ.

"ಏನ ಮಾಡಿದಿಬೇ, ಈಗ ಫೋಕಸ್ ಆಗಿತ್ತು" ಎಂದು ತೇಜಸ ಹಣೆ ಬಡಿದುಕೊಂಡ. ಆಕೆಗೆ ಕೇಳಿಸಲಿಲ್ಲ. ಇನ್ನೊಂದು ಸಲ ಕೂಗಿದಳು, ಮೊದಲಿಗಿಂತ ಮೆಲ್ಲಗೆ, ಮರಿಯನ್ನು ಕರೆಯುವ ಹಾಗೆ. ಯಾವುದೂ ತಿರುಗಿ ನೋಡಲಿಲ್ಲ. ಚಾಚಿದ ಕೈ ಮೇಲೆ ಅಲೆಯ ಹನಿ ಬಿದ್ದು ಉಪ್ಪು ಕರಗಿ ಬೆರಳ ಸಂದಿಯಿಂದ ಇಳಿಯಿತು. ಆಕೆ ಕೈಯನ್ನು ಸೀರೆಗೆ ಒರೆಸಿಕೊಂಡು ಕುಳಿತಳು.

ವಾಪಸು ಬರುವಾಗ ಆಕೆಗೆ ವಾಂತಿಯೂ ಆಗಲಿಲ್ಲ. ಗೆದ್ದೆಯಲ್ಲ ಎಂದು ನಾನು ಎರಡು ಸಲ ಹೇಳಿ ನೋಡಿದೆ. "ಹೂಂ" ಎಂದಳು. ಪೋರ್ಟ್ ಬ್ಲೇರಿನಲ್ಲಿ, ವಿಮಾನದಲ್ಲಿ, ರೈಲಿನಲ್ಲಿ ಅದೇ ಹೂಂ. ವಾದಕ್ಕೇ ಬರದ ಉಚ್ಚಂಗೆವ್ವನನ್ನು ಕಂಡು ನನಗೆ ಹೆದರಿಕೆಯಾಯಿತು.

ಹಲಗೇರಿಗೆ ನಾನೂ ಹೋದೆ, ಸಾಕ್ಷಿಗೆ. ಮೈಲೇಶ ಅವತ್ತು ಟೆಂಪೋ ಬಿಟ್ಟು ಮನೆಯಲ್ಲೇ ಇದ್ದ. ಶೀಲಾ ನೀರು ತಂದುಕೊಟ್ಟಳು. ಹಟ್ಟಿಯೊಳಗೆ ಆಡುಗಳು ಆಕೆಯ ವಾಸನೆ ಹಿಡಿದು ಒಂದೇ ಸಮನೆ ಒದರುತ್ತಿದ್ದವು. ಉಚ್ಚಂಗೆವ್ವ ಹಟ್ಟಿಗೆ ಹೋಗದೆ ಕಟ್ಟೆಯ ಮೇಲೆ ಕುಳಿತಳು.

"ನೋಡಿದೇನಬೇ?" ಎಂದ ಮೈಲೇಶ.

"ನೋಡಿದೆ. ನನ್ನ ಕಣ್ಣಲೆ."

ಮೈಲೇಶ ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಅವನು ಉಸಿರು ಬಿಟ್ಟು, "ಆತು. ಮಾತಂದ್ರ ಮಾತು. ಇನ್ನ ನಾ ಎತ್ತೂದಿಲ್ಲ" ಎಂದ.

"ಕುಂದ್ರು, ನಂದ ಮುಗದಿಲ್ಲ" ಎಂದಳು ಉಚ್ಚಂಗೆವ್ವ. "ಅವು ನನ್ನ ನೋಡಿ ಓಡಿದುವು. ಉಪ್ಪ ಹಿಡದ ಕರದೆ, ತೋಳನ ನೋಡಿದಂಗ ಓಡಿದುವು. ಅವಕ್ಕ ಕುರುಬರು ಬ್ಯಾಡ, ಹುಲ್ಲ ಬ್ಯಾಡ, ಸಿಹಿನೀರೂ ಬ್ಯಾಡ. ಯಾರ ದಿಕ್ಕಿಲ್ದನ ಬದಕ್ಯಾವು. ನಾ ಇಲ್ದ ಇವೂ ಇಷ್ಟ ದಿನ ಶೀಲಾನ ಕೈಯಾಗ ಅದಾವು, ಒಂದೂ ಸತ್ತಿಲ್ಲ. ನಾ ಇಲ್ಲಂದ್ರ ಸಾಯ್ತಾವು ಅಂತ ನಿನ್ನ ಜೋಡಿ ಜಗಳಾಡಿದ್ದು ಸುಳ್ಳ."

"ಹಂಗಾರ ಮಾರೂದೇನ?" ಎಂದು ಮೈಲೇಶ ಮೆಲ್ಲಗೆ ಕೇಳಿದ.

"ಇಲ್ಲ. ಇವಕ್ಕ ನಾ ಬ್ಯಾಡ, ಆದ್ರ ನನಗ ಇವು ಬೇಕು. ಸಂಜಿಮುಂದ ಕರದ್ರ ಯಾವುದಾರ ಓಡಿ ಬರಬೇಕು ನನಗ. ಅದಕ್ಕ ಇಟಗೊಂತೇನಿ. ಕನಕಪ್ಪನ ಪ್ಲಾಟಿನ ಕಡೆ ನಾನ ಬೇಲಿ ಕಟ್ಟತೇನಿ. ಮಾರೂ ಮಾತ ಭಂಡಾರ ಮುಟ್ಟಿದ್ದಕ್ಕ ಬಿಡಬ್ಯಾಡ, ನಾ ಕೇಳಿದ್ದಕ್ಕ ಬಿಡು."

ಹಟ್ಟಿಯಲ್ಲಿ ಆಡುಗಳು ಒದರುತ್ತಲೇ ಇದ್ದವು. ಮೈಲೇಶ ನೆಲ ನೋಡುತ್ತಾ ಕುಳಿತಿದ್ದವನು ತಲೆ ಎತ್ತಿದಾಗ ಅವನ ಕಣ್ಣು ಕೆಂಪಗಿತ್ತು.

"ಇಷ್ಟ ಹೇಳಾಕ ಅಷ್ಟ ದೂರ ಹೋಗಬೇಕಿತ್ತೇನಬೇ ಯವ್ವಾ? ಇದನ್ನ ಮೊದಲ ಹೇಳಿದ್ರ ನಾ ಯಾವತ್ತ ಮಾರು ಅಂತಿದ್ದೆ?"

"ಇಲ್ಲೇ ಕುಂತಿದ್ರ ನನಗೂ ತಿಳೀತಿರಲಿಲ್ಲೋ" ಎಂದಳು ಆಕೆ.

ಮೈಲೇಶ ಎದ್ದು ಹೋಗಿ ಹಟ್ಟಿಯ ಬಾಗಿಲು ತೆಗೆದ. ಆಡುಗಳು ಒಂದರ ಮೇಲೊಂದು ಬಿದ್ದು ಬಂದು ಆಕೆಯನ್ನು ಮುತ್ತಿಕೊಂಡವು. ಆಕೆ ಕರೆದಿರಲೂ ಇಲ್ಲ, ಕೈಯಲ್ಲಿ ಏನೂ ಇರಲೂ ಇಲ್ಲ.